ಅಮ್ಮನ ಒತ್ತಿಗೆ ಪುಟ್ಟ 'ಮ'

ಮುಂಬಯಿ: ಕೆಲವು ವರ್ಷಗಳ ಹಿಂದೆ ನಮ್ಮ ಉಪನಗರದ ಸಂಘದ ರಾಜ್ಯೋತ್ಸವಕ್ಕೆ ಹೊಸ ಬ್ಯಾನರ್ ಬಂತು. ಹಳದಿ-ಕೆಂಪು ಬಣ್ಣ, ಭುವನೇಶ್ವರಿಯ ಚಿತ್ರ ಎಲ್ಲ ಸರಿಯಾಗಿತ್ತು. ಆದರೆ 'ಕನ್ನಡ' ಎಂಬಲ್ಲಿ ಒತ್ತಕ್ಷರ ಕಳಚಿ 'ಕನ್' ಒಂದು ಕಡೆ, 'ನಡ' ಇನ್ನೊಂದು ಕಡೆ ಬಿದ್ದಿತ್ತು. ಮುದ್ರಣದ ಅಂಗಡಿಯ ಕಂಪ್ಯೂಟರಿಗೆ ನಮ್ಮ ಲಿಪಿ ಗೊತ್ತಿರಲಿಲ್ಲ, ಅಂಗಡಿಯವನಿಗೂ ಗೊತ್ತಿರಲಿಲ್ಲ. ಬದಲಿಸಲು ಸಮಯವಿಲ್ಲದೆ ಅದನ್ನೇ ವೇದಿಕೆಗೆ ಕಟ್ಟಿದೆವು. ಬೇಸರವಾದದ್ದು ತಪ್ಪಿಗಲ್ಲ. ತುಂಬಿದ ಸಭೆಯಲ್ಲಿ ಅದನ್ನು ಗುರುತಿಸಿದವರು ತಲೆ ನರೆತ ಏಳೆಂಟು ಮಂದಿ ಮಾತ್ರ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಆ ಅಕ್ಷರಗಳು ತೋರಣದಂತೆ ಒಂದು ಅಲಂಕಾರ.

ಅಂದಿನಿಂದ ಸಂಘದ ರವಿವಾರದ ಕನ್ನಡ ತರಗತಿಯಲ್ಲಿ ಒಂದು ಆಟ ಶುರುಮಾಡಿದೆವು. ಪದವನ್ನು ಬರೆಯಬೇಕು, ಆದರೆ ಬರೆದ ರೀತಿಯಲ್ಲೇ ಅದರ ಅರ್ಥ ಕಾಣಬೇಕು. ಜಾಹೀರಾತು ಕ್ಷೇತ್ರದಲ್ಲಿ ದುಡಿಯುವವರಿಗೆ ಇದು ಹೊಸತಲ್ಲ. ಅಮೆರಿಕದ ವಿನ್ಯಾಸಕಾರ ಹರ್ಬ್ ಲುಬಾಲಿನ್ 1965ರಲ್ಲಿ 'ಮದರ್ ಆ್ಯಂಡ್ ಚೈಲ್ಡ್' ಎಂಬ ಪತ್ರಿಕೆಗೆ ಶೀರ್ಷಿಕೆ ರಚಿಸಿದರು. 'ಮದರ್' ಪದದಲ್ಲಿರುವ ದುಂಡನೆಯ 'ಓ' ಅಕ್ಷರದ ಹೊಟ್ಟೆಯೊಳಗೆ 'ಚೈಲ್ಡ್' ಎಂಬ ಪುಟ್ಟ ಪದವನ್ನು ಮಲಗಿಸಿದರು, ಗರ್ಭದಲ್ಲಿನ ಕೂಸಿನಂತೆ. ಆ ಪತ್ರಿಕೆ ಹೊರಬರಲೇ ಇಲ್ಲ. ಶೀರ್ಷಿಕೆಯನ್ನು ಮಾತ್ರ ವಿನ್ಯಾಸದ ವಿದ್ಯಾರ್ಥಿಗಳು ಇಂದಿಗೂ ನೋಡುತ್ತಾರೆ.

ಲುಬಾಲಿನ್ ಹುಡುಕಿ ಕಂಡುಕೊಂಡದ್ದು ನಮ್ಮ ಲಿಪಿಯಲ್ಲಿ ಮೊದಲೇ ಇದೆಯಲ್ಲ! 'ಅಮ್ಮ' ಎಂದು ಬರೆದು ನೋಡಿ. ದೊಡ್ಡ 'ಮ'ದ ಕೆಳಗೆ, ಬಲಬದಿಗೆ, ತಲೆಕಟ್ಟಿಲ್ಲದ ಪುಟ್ಟ 'ಮ' ಅಂಟಿಕೊಂಡು ಕೂತಿದೆ. ಊರಿನಲ್ಲಿ 'ಅಮ್ಮನ ಒತ್ತಿಗೆ ಕೂತಿದ್ದಾನೆ' ಎನ್ನುತ್ತೇವೆ, ಅದೇ ಒತ್ತು. ಇದನ್ನು ಹಲಗೆಯ ಮೇಲೆ ತೋರಿಸಿದ ದಿನ ಒತ್ತಕ್ಷರವೆಂದರೆ ಮುಖ ಸಿಂಡರಿಸುತ್ತಿದ್ದ ಹುಡುಗನೊಬ್ಬ 'ಅಕ್ಕ', 'ಅಪ್ಪ', 'ಅಣ್ಣ' ಎಲ್ಲ ತಾನೇ ಬರೆದುಕೊಂಡು ಬಂದ.

ಆಟಕ್ಕೆ ಒಂದೇ ನಿಯಮ: ಪದವನ್ನು ಓದಲು ಆಗಬೇಕು. 'ಆನೆ'ಗೆ ಸೊಂಡಿಲು, ಕಿವಿ, ಬಾಲ ಬರೆದು ಕೊನೆಗೆ ಅಕ್ಷರವೇ ಮಾಯವಾದರೆ ಅದು ಬರೇ ಚಿತ್ರ. 'ಬೆಂಕಿ'ಗೆ ಜ್ವಾಲೆ, 'ಐಸ್'ಗೆ ಮಂಜು ಮೆತ್ತುವುದೂ ಅಂಗಡಿ ಫಲಕಗಳಲ್ಲಿ ನೋಡಿ ನೋಡಿ ಸಾಕಾದ ಸಂಗತಿ. ದಪ್ಪ, ತೆಳು, ಅಂತರ, ಓರೆ, ಇಷ್ಟರಲ್ಲೇ ಕೆಲಸ ಸಾಧಿಸಬೇಕು. 'ಭಾರ' ಗೆರೆಯಿಂದ ಕೆಳಗೆ ಕುಸಿಯಲಿ. 'ಬಿಂದು'ವಿನ ಸೊನ್ನೆ ಹನಿಯಾಗಿ ಜಾರಲಿ.

ಈ ವಿದ್ಯೆಗೆ ಮುಂಬಯಿಯೇ ದೊಡ್ಡ ಶಾಲೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು. ಮರಾಠಿ ಕವಿ, ಅಕ್ಷರಕಲಾವಿದ ಪ್ರೊ. ಆರ್.ಕೆ. ಜೋಶಿ ಇಲ್ಲಿನ ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ದುಡಿದವರು, ಪೊವಾಯಿಯ ಐಐಟಿಯಲ್ಲಿ ಪಾಠ ಹೇಳಿದವರು. ಅಕ್ಷರಗಳ ಜೋಡಣೆಯಲ್ಲೇ ಅರ್ಥ ಮೂಡುವ ಕವಿತೆಗಳನ್ನು ರಚಿಸಿದರು. ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ಮನೆ ಮನೆಯ ಕಂಪ್ಯೂಟರಿಗೆ ಬಂದ ಕನ್ನಡದ 'ತುಂಗಾ' ಅಕ್ಷರಗಳು ಸಿದ್ಧವಾದದ್ದು ಅವರದೇ ನಿರ್ದೇಶನದಲ್ಲಿ. ನಮ್ಮ ಎಷ್ಟೋ ಸಂಘಗಳ ಪತ್ರಗಳು ಅದೇ ಅಕ್ಷರದಲ್ಲಿ ಹೋಗಿವೆ. 2008ರಲ್ಲಿ ಅವರು ತೀರಿಕೊಂಡಾಗ ನಮ್ಮಲ್ಲೂ ಒಂದು ಸಂತಾಪಸಭೆ ನಡೆಯಬೇಕಿತ್ತು ಎಂದು ಈಗ ಅನಿಸುತ್ತದೆ. ಕನ್ನಡವನ್ನು ಉಚ್ಚಾರದಂತೆಯೇ ಬೆರಳಚ್ಚಿಸುವ ಕೀಲಿಮಣೆ ಕೊಟ್ಟ ಕೆ.ಪಿ. ರಾವ್ ಅವರೂ ಇದೇ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು.

ಮುಂಬಯಿಯ 'ಏಕ್ ಟೈಪ್' ಬಳಗ ರೂಪಿಸಿದ 'ಬಾಲೂ' ಅಕ್ಷರಕುಟುಂಬದಲ್ಲಿ ಕನ್ನಡದ್ದಕ್ಕೆ 'ಬಾಲೂ ತಮ್ಮ' ಎಂದು ಹೆಸರು. ಮಲಯಾಳದ್ದು 'ಚೇಟ್ಟನ್', ತಮಿಳಿನದು 'ತಂಬಿ'. ದಪ್ಪಗೆ, ದುಂಡಗೆ, ನಗುತ್ತಿರುವಂತೆ ಕಾಣುವ ಈ ಅಕ್ಷರ ಉಚಿತವಾಗಿ ದೊರೆಯುತ್ತದೆ. ಮಕ್ಕಳ ಕಾರ್ಯಕ್ರಮಕ್ಕೆ ಚೆನ್ನ, ಶ್ರದ್ಧಾಂಜಲಿಗೆ ಖಂಡಿತ ಬೇಡ. ಅಕ್ಷರಕ್ಕೂ ಮುಖಭಾವ ಇರುತ್ತದೆ.

ಬ್ಯಾನರ್ ಮಾಡಿಸುವ ಪದಾಧಿಕಾರಿಗಳಿಗೆ ಒಂದು ಸೂಚನೆ. ಅಕ್ಷರಗಳನ್ನು ರೇಖಾಚಿತ್ರವಾಗಿ ಮಾರ್ಪಡಿಸಿದ ಪಿಡಿಎಫ್ ಕೊಟ್ಟರೆ ಅಂಗಡಿಯಲ್ಲಿ ಒತ್ತು ಕಳಚುವುದಿಲ್ಲ. ಮುದ್ರಣಕ್ಕೆ ಮುನ್ನ ಕನ್ನಡ ಓದಬಲ್ಲವರೊಬ್ಬರು ಕರಡು ನೋಡಲಿ. ಈಗ ನಮ್ಮಲ್ಲಿ ಆ ಕೆಲಸವನ್ನು ತರಗತಿಯ ಮಕ್ಕಳೇ ಮಾಡುತ್ತಾರೆ.

ಕಳೆದ ತಿಂಗಳು ಐದನೆಯ ತರಗತಿಯ ಹುಡುಗಿಯೊಬ್ಬಳು 'ಊರು' ಎಂದು ಬರೆದು ತಂದಳು. 'ಊ' ಹಾಳೆಯ ಈ ತುದಿಯಲ್ಲಿ, 'ರು' ಆ ತುದಿಯಲ್ಲಿ, ನಡುವೆ ಏನೂ ಇಲ್ಲ. ಇಷ್ಟು ಜಾಗ ಯಾಕೆ ಮಗಾ ಎಂದು ಕೇಳಿದೆ.

"ರಾತ್ರಿ ಇಡೀ ಬಸ್ಸಲ್ಲಿ ಹೋಗ್ಬೇಕಲ್ಲ ಅಂಕಲ್!"