ಕೂತದ್ದೆಲ್ಲ ಹೊಂದಿದ್ದಲ್ಲ: ಮೊದಲ ಗೇಮಿಂಗ್ ಕಂಪ್ಯೂಟರ್ ಜೋಡಿಸುವ ಮುನ್ನ



ನನ್ನ ಅಕ್ಕನ ಮಗ ಎರಡನೇ ಪಿಯುಸಿ ಮುಗಿದ ರಜೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ದುಡಿದ. ಆ ಹಣಕ್ಕೆ ಅಕ್ಕ ತನ್ನ ಚೀಟಿಯ ಹಣವನ್ನೂ ಸೇರಿಸಿದಳು. ಹುಡುಗ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು, ಒಂದು ಭಾನುವಾರ ಊಟದ ಮೇಜಿನ ಮೇಲೆ ಗೇಮಿಂಗ್ ಕಂಪ್ಯೂಟರ್ ಜೋಡಿಸಿದ. ಪ್ರತಿಯೊಂದು ಭಾಗವೂ ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ರಾತ್ರಿ ನನಗೆ ಫೋನ್ ಮಾಡಿದ: "ಮಾವ, ಎಲ್ಲ ಹಾಳಾಯ್ತು ಅನ್ಸುತ್ತೆ. ಅಮ್ಮನಿಗೆ ಏನು ಹೇಳ್ಲಿ?"

ಅವನ ಕಪ್ಪು ಪರದೆಗೆ ಕಾರಣವೇನೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಮಾತು. ಟೆಲಿವಿಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮಗೆ ದಿನವೂ ಆಗುವ ಅನುಭವವಿದು: ಕೇಬಲ್ ಸಾಕೆಟ್ಟಿನಲ್ಲಿ ಕೂತ ಮಾತ್ರಕ್ಕೆ ಚಿತ್ರ ಬರುವುದಿಲ್ಲ. ಕಂಪ್ಯೂಟರಿನಲ್ಲಿಯೂ ಹೀಗೆಯೇ. ಹೊಂದಾಣಿಕೆ ಮೂರು ಬಗೆಯದು. ಮೊದಲನೆಯದು ಆಕಾರದ್ದು, ಎರಡನೆಯದು ವಿದ್ಯುತ್ತಿನದು, ಮೂರನೆಯದು ಒಂದು ಭಾಗ ಇನ್ನೊಂದನ್ನು ಗುರುತಿಸುವ ಭಾಷೆಯದು. ಮೂರೂ ಕೂಡಿದರೆ ಮಾತ್ರ ಯಂತ್ರ ಓಡುತ್ತದೆ.

ಆಕಾರದಿಂದ ಪ್ರಾರಂಭಿಸೋಣ. ಪ್ರಾಸೆಸರ್ ಕೂರುವ ಜಾಗವನ್ನು ಸಾಕೆಟ್ ಎನ್ನುತ್ತಾರೆ. ಇಂಟೆಲ್ ಕಂಪನಿಯ 12, 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರಾಸೆಸರುಗಳಿಗೆ ಎಲ್‌ಜಿಎ 1700 ಸಾಕೆಟ್ ಬೇಕು. ಆ 1700 ಎಂಬುದು ಸಂಪರ್ಕ ಬಿಂದುಗಳ ಸಂಖ್ಯೆ. 10 ಮತ್ತು 11ನೇ ಪೀಳಿಗೆಗೆ ಎಲ್‌ಜಿಎ 1200. ಎಎಂಡಿ ಕಂಪನಿಯ ರೈಜೆನ್ 5000 ಸಾಲಿನವು ಎಎಂ4 ಸಾಕೆಟ್ಟಿಗೂ, 7000 ಮತ್ತು 9000 ಸಾಲಿನವು 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೂ ಸೇರಿದವು. ಒಂದರ ಪ್ರಾಸೆಸರ್ ಇನ್ನೊಂದರ ಸಾಕೆಟ್ಟಿನಲ್ಲಿ ಕೂರುವುದಿಲ್ಲ. ಆದ್ದರಿಂದ ಮೊದಲು ಪ್ರಾಸೆಸರ್ ಆರಿಸಿ, ಆಮೇಲೆ ಅದಕ್ಕೆ ತಕ್ಕ ಮದರ್‌ಬೋರ್ಡ್ ಹುಡುಕಿ.

ಮೆಮೊರಿ, ಅಂದರೆ ರ‍್ಯಾಮ್, ಇಂದು ಹೆಚ್ಚಾಗಿ ಎರಡು ಬಗೆಯದು: ಡಿಡಿಆರ್4 ಮತ್ತು ಡಿಡಿಆರ್5. ಎರಡಕ್ಕೂ 288 ಪಿನ್ನುಗಳೇ ಇವೆ. ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ಒಂದು 1.2 ವೋಲ್ಟಿನಲ್ಲಿ, ಇನ್ನೊಂದು 1.1 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಆ ಕಚ್ಚು ಇರುವುದೇ ನೀವು ತಪ್ಪು ಮಾಡದಿರಲೆಂದು. ಒತ್ತಿದರೂ ಕೂರದಿದ್ದರೆ ಬಲ ಹಾಕಬೇಡಿ, ತೆಗೆದು ನೋಡಿ. ಎಎಂ4 ಬೋರ್ಡಿಗೆ ಡಿಡಿಆರ್4, ಎಎಂ5 ಬೋರ್ಡಿಗೆ ಡಿಡಿಆರ್5. ಎಲ್‌ಜಿಎ 1700ರಲ್ಲಿ ಎರಡು ಬಗೆಯ ಬೋರ್ಡುಗಳೂ ಉಂಟು. ಅಲ್ಲಿಯೇ ಹಲವರು ಎಡವುತ್ತಾರೆ. 16 ಜಿಬಿ ಬೇಕಿದ್ದರೆ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಲೇಸು. ಪ್ರಾಸೆಸರ್ ಎರಡು ದಾರಿಯಿಂದ ಏಕಕಾಲಕ್ಕೆ ಮಾಹಿತಿ ಪಡೆಯುತ್ತದೆ. ಯಾವ ಎರಡು ಜಾಗಗಳಲ್ಲಿ ಹಾಕಬೇಕೆಂದು ಬೋರ್ಡಿನ ಕೈಪಿಡಿ ಹೇಳುತ್ತದೆ.

ಪೆಟ್ಟಿಗೆಯನ್ನು, ಅಂದರೆ ಕ್ಯಾಬಿನೆಟ್ಟನ್ನು, ಚೆಂದ ನೋಡಿ ಕೊಳ್ಳಬೇಡಿ. ಅಳತೆ ಪಟ್ಟಿ ಹಿಡಿದು ನೋಡಿ. ಎಟಿಎಕ್ಸ್ ಬೋರ್ಡಿನ ಅಳತೆ 305 ಮತ್ತು 244 ಮಿಲಿಮೀಟರ್. ಮೈಕ್ರೋ ಎಟಿಎಕ್ಸ್ ಬೋರ್ಡ್ ಹೆಚ್ಚೆಂದರೆ 244 ಮತ್ತು 244. ದೊಡ್ಡ ಬೋರ್ಡ್ ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯದು. ಗ್ರಾಫಿಕ್ಸ್ ಕಾರ್ಡಿನ ಉದ್ದ, ಪ್ರಾಸೆಸರ್ ಮೇಲಿನ ಕೂಲರಿನ ಎತ್ತರ, ಇವೆರಡನ್ನೂ ಪೆಟ್ಟಿಗೆಯ ವಿವರದಲ್ಲಿ ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ. ಹೋಲಿಸಿ ನೋಡುವ ಶ್ರಮ ನಿಮ್ಮದು.

ಇನ್ನು ವಿದ್ಯುತ್ತು. ಭೌತಶಾಸ್ತ್ರದಲ್ಲಿ ಓದಿದ ವ್ಯಾಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಉದಾಹರಣೆ ಲೆಕ್ಕ ಹಾಕೋಣ. ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಸುಮಾರು 132 ವ್ಯಾಟ್ ಬಳಸುತ್ತದೆ. ಮದರ್‌ಬೋರ್ಡಿನ ಸ್ಲಾಟು ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಉಳಿದದ್ದಕ್ಕೆ 150 ವ್ಯಾಟ್ ಸಾಗಿಸಬಲ್ಲ 8 ಪಿನ್ನಿನ ತಂತಿಯನ್ನು ಪವರ್ ಸಪ್ಲೈಯಿಂದ ನೇರವಾಗಿ ಕೊಡಬೇಕು. 65 ವ್ಯಾಟ್ ವರ್ಗದ ಪ್ರಾಸೆಸರ್ ಭಾರ ಬಿದ್ದಾಗ ಅದಕ್ಕಿಂತ ಹೆಚ್ಚು ಎಳೆಯುವುದರಿಂದ 90 ಎಂದಿಟ್ಟುಕೊಳ್ಳಿ. ಬೋರ್ಡು, ಡ್ರೈವ್, ಫ್ಯಾನ್ ಎಲ್ಲಕ್ಕೂ 60. ಒಟ್ಟು 282 ವ್ಯಾಟ್. ಕ್ಷಣಿಕ ಏರಿಳಿತಕ್ಕೂ ನಾಳೆಯ ಬದಲಾವಣೆಗೂ ಜಾಗ ಬಿಟ್ಟು 500 ವ್ಯಾಟಿನ ಆಸುಪಾಸಿನದನ್ನು ಕೊಂಡರೆ ಸಾಕು. ಹೆಸರಿಲ್ಲದ ಅಗ್ಗದ ಪವರ್ ಸಪ್ಲೈ ಮಾತ್ರ ಬೇಡ. ಅದು ಸುಡುವಾಗ ಪಕ್ಕದ ದುಬಾರಿ ಭಾಗಗಳನ್ನೂ ಸುಡಬಹುದು.

ಇನ್ನೊಂದು ಎಚ್ಚರಿಕೆಯನ್ನು ಮರೆಯಬೇಡಿ. ಕೆಲವು ಪವರ್ ಸಪ್ಲೈಗಳ ತಂತಿಗಳನ್ನು ಕಳಚಿ ಜೋಡಿಸಬಹುದು. ಗೆಳೆಯನ ಮನೆಯ ಹಳೆಯ ತಂತಿ ನಿಮ್ಮದರಲ್ಲಿ ಕೂತರೂ ಬಳಸಬೇಡಿ. ಪವರ್ ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಎಂಬುದಕ್ಕೆ ಎಲ್ಲರೂ ಪಾಲಿಸುವ ಒಂದು ನಿಯಮವಿಲ್ಲ. 5 ವೋಲ್ಟ್ ಬೇಕಾದಲ್ಲಿ 12 ವೋಲ್ಟ್ ಹರಿದರೆ ಡ್ರೈವ್ ಸುಟ್ಟೇಹೋಗುತ್ತದೆ. ಗೋಡೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ.

ಈಗ ಮೂರನೆಯದಕ್ಕೆ, ನನ್ನ ಸೋದರಳಿಯನ ಕಪ್ಪು ಪರದೆಗೆ ಬರೋಣ. ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿ ಬಯೋಸ್ ಎಂಬ ತಂತ್ರಾಂಶವಿರುತ್ತದೆ. ಸ್ವಿಚ್ ಒತ್ತಿದೊಡನೆ ಪ್ರಾಸೆಸರನ್ನು ಗುರುತಿಸಿ ಎಬ್ಬಿಸುವುದು ಅದರ ಕೆಲಸ. ಬಿ450 ಎಂಬ ಚಿಪ್‌ಸೆಟ್ಟಿನ ಬೋರ್ಡುಗಳು 2018ರಲ್ಲಿ ಬಂದವು. ರೈಜೆನ್ 5000 ಸಾಲಿನ ಪ್ರಾಸೆಸರುಗಳು ಬಂದದ್ದು 2020ರ ಕೊನೆಯಲ್ಲಿ. ಸಾಕೆಟ್ ಒಂದೇ, ಆದರೆ 2018ರ ಬಯೋಸ್‌ಗೆ ಆಗ ಹುಟ್ಟದೇ ಇದ್ದ ಪ್ರಾಸೆಸರಿನ ಪರಿಚಯವಿರುವುದಾದರೂ ಹೇಗೆ? ಹುಡುಗ ತಂದದ್ದು ಇಂಥದೇ ಜೋಡಿ. ಬೋರ್ಡು ಬಹಳ ಕಾಲ ದಾಸ್ತಾನಿನಲ್ಲಿದ್ದ ಹಳೆಯ ಸರಕು. ರಿಪೇರಿ ಮಾಡುವವರೊಬ್ಬರು ಹಳೆಯ ಪ್ರಾಸೆಸರ್ ಹಾಕಿ, ಹೊಸ ಬಯೋಸ್ ತುಂಬಿ, ಮತ್ತೆ ಅವನ ಪ್ರಾಸೆಸರನ್ನು ಕೂರಿಸಿದರು. ಯಾವ ಭಾಗವೂ ಕೆಟ್ಟಿರಲಿಲ್ಲ. ಪರದೆಯಲ್ಲಿ ಅಕ್ಷರ ಮೂಡಿದಾಗ ಅವನಿಗಿಂತ ಮೊದಲು ಕಣ್ಣೊರೆಸಿಕೊಂಡವಳು ನನ್ನ ಅಕ್ಕ.

ಬೋರ್ಡ್ ತಯಾರಕರು ತಮ್ಮ ಜಾಲತಾಣದಲ್ಲಿ ಯಾವ ಪ್ರಾಸೆಸರಿಗೆ ಯಾವ ಬಯೋಸ್ ಆವೃತ್ತಿ ಬೇಕೆಂಬ ಪಟ್ಟಿ ಕೊಡುತ್ತಾರೆ. ಕೊಳ್ಳುವ ಮೊದಲು ಅದನ್ನು ನೋಡಿ. "ಇದರಲ್ಲಿ ಬಯೋಸ್ ಅಪ್‌ಡೇಟ್ ಆಗಿದೆಯೇ?" ಎಂದು ಅಂಗಡಿಯವರನ್ನು ಕೇಳಲು ಸಂಕೋಚಪಡಬೇಡಿ. ಪ್ರಾಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯೋಸ್ ಬದಲಿಸುವ ಗುಂಡಿಯೂ ಕೆಲವು ಬೋರ್ಡುಗಳಲ್ಲಿದೆ.

ಪರದೆ ಕಪ್ಪಾಗಲು ಇನ್ನೊಂದು ಸರಳ ಕಾರಣವೂ ಇದೆ. ಇಂಟೆಲ್ ಪ್ರಾಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ. ರೈಜೆನ್ 5 5600ರಲ್ಲಿಯೂ ಇಲ್ಲ, 5600ಜಿಯಲ್ಲಿ ಇದೆ. ಪ್ರಾಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಬೇರೆ ಕಾರ್ಡ್ ಬೇಕೇ ಬೇಕು. ಮಾನಿಟರಿನ ತಂತಿಯನ್ನು ಬೋರ್ಡಿಗಲ್ಲ, ಆ ಕಾರ್ಡಿಗೇ ಚುಚ್ಚಬೇಕು.

ಹಾಗಾದರೆ ನೀವು ಮಾಡಬೇಕಾದದ್ದೇನು? ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಆರು ಸಾಲು ಬರೆಯಿರಿ: ಸಾಕೆಟ್, ಬಯೋಸ್ ಆವೃತ್ತಿ, ರ‍್ಯಾಮ್ ಬಗೆ, ಬೋರ್ಡಿನ ಅಳತೆ, ಕಾರ್ಡಿನ ಉದ್ದ ಮತ್ತು ಕೂಲರಿನ ಎತ್ತರ, ಒಟ್ಟು ವ್ಯಾಟ್. ಪ್ರತಿ ಸಾಲಿನ ಮುಂದೆ ಎರಡೂ ಭಾಗಗಳ ವಿವರ ಬರೆದು ತಾಳೆ ನೋಡಿ. ಆರೂ ತಾಳೆಯಾಗುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ತೆರೆದ ಪೆಟ್ಟಿಗೆಯನ್ನು ವಾಪಸು ಪಡೆಯಲು ಅನೇಕ ಅಂಗಡಿಗಳು ಒಪ್ಪುವುದಿಲ್ಲ. ಆ ಹಣದ ಹಿಂದೆ ಮನೆಯಲ್ಲಿ ಯಾರೋ ಒಬ್ಬರ ದುಡಿಮೆ ಇರುತ್ತದೆ. ಹಾಳೆಯ ಮೇಲಾದ ತಪ್ಪನ್ನು ರಬ್ಬರಿನಿಂದ ಅಳಿಸಿ ಮತ್ತೆ ಬರೆಯಬಹುದಲ್ಲವೇ?