ಬೆಟ್ಟದ ರೋಗಕ್ಕೆ ಜೀನು ತಿದ್ದುವ ಮದ್ದು: ಕಲಿಯೋಕೆ ಹೋಗೋರು ಯಾರು?

ಚಾಮರಾಜನಗರ: ಬಿಳಿಗಿರಿರಂಗನಬೆಟ್ಟದ ಸೋಲಿಗರ ಪೋಡುಗಳಲ್ಲಿ ಸಿಕಲ್ ಸೆಲ್ ಅನ್ನೋ ರಕ್ತರೋಗದ ಹೆಸರು ಹೊಸದೇನಲ್ಲ. ದುಂಡಗೆ ಬಿಲ್ಲೆಯ ಹಾಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಕೈಕಾಲು, ಎದೆ, ಹೊಟ್ಟೆ ಎಲ್ಲೆಂದರಲ್ಲಿ ನೋವು. ಅಪ್ಪ ಅಮ್ಮ ಇಬ್ಬರಲ್ಲೂ ದೋಷದ ಒಂದೊಂದು ಪ್ರತಿ ಇದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ದಕ್ಷಿಣ ಭಾರತದಲ್ಲಿ ಈ ದೋಷವನ್ನು ವಿಜ್ಞಾನಿಗಳು ವರದಿ ಮಾಡಿದ್ದು ಪಕ್ಕದ ನೀಲಗಿರಿಯ ಗಿರಿಜನರಲ್ಲೇ, 1952ರಲ್ಲಿ.

ಇಷ್ಟೆಲ್ಲಾ ಸಂಕಟಕ್ಕೆ ಮೂಲ ಒಂದೇ ಒಂದು ಅಕ್ಷರದ ತಪ್ಪು. ಮನುಷ್ಯನ ಜೀವಕೋಶದೊಳಗಿನ ಡಿಎನ್‌ಎ ಅನ್ನೋ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಹಿಮೊಗ್ಲೋಬಿನ್ ತಯಾರಿಸುವ ಜೀನಿನೊಳಗೆ 'ಎ' ಇರಬೇಕಾದ ಜಾಗದಲ್ಲಿ 'ಟಿ' ಕೂತಿದೆ, ಅಷ್ಟೇ.

ಈಗ ಅಂಥ ಬರಹವನ್ನು ತಿದ್ದುವ ಕತ್ತರಿ ಬಂದಿದೆ. ಕ್ರಿಸ್ಪರ್ ಅಂತ ಅದರ ಹೆಸರು. ಈ ಕತ್ತರಿ ಬಳಸಿದ ಮೊದಲ ಸಿಕಲ್ ಸೆಲ್ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಅಂದರೆ 2023ರ ಡಾಲರ್ ದರದಲ್ಲಿ ಒಬ್ಬ ರೋಗಿಗೆ ಸುಮಾರು 18 ಕೋಟಿ ರೂಪಾಯಿ! ಪೋಡಿನವರ ಮಾತಿರಲಿ, ಪೇಟೆಯ ಸಾಹುಕಾರರೂ ಅಂಗಡಿ ಮಾರಿ ಕೈ ಮುಗಿಯಬೇಕಾದ ಲೆಕ್ಕ ಇದು. ದೆಹಲಿಯ ಸರ್ಕಾರಿ ಜೀನೋಮ್ ಸಂಸ್ಥೆಯವರು ಇದೇ ರೋಗಕ್ಕೆ ಸ್ವದೇಶಿ ಚಿಕಿತ್ಸೆ ರೂಪಿಸಿದ್ದಾರೆ. ಬಿರ್ಸಾ ಮುಂಡಾ ಹೆಸರಿನಲ್ಲಿ ಅದಕ್ಕೆ 'ಬಿರ್ಸಾ 101' ಅಂತ ಹೆಸರಿಟ್ಟು 2025ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. ತಯಾರಿಕೆಯ ಹೊಣೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ಗೆ.

ಸರಿ, ಈ ಕೆಲಸ ಮಾಡುವವರು ಯಾರು? ಡಾಕ್ಟರ್ ಒಬ್ಬರಿಂದ ಆಗುವುದಿಲ್ಲ. 300 ಕೋಟಿ ಅಕ್ಷರದಲ್ಲಿ ಕತ್ತರಿ ಇಡಬೇಕಾದ 20 ಅಕ್ಷರದ ಜಾಗ ಹುಡುಕಬೇಕು. ಅಂಥದ್ದೇ ಜಾಗ ಬೇರೆಲ್ಲೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅದು ಕಂಪ್ಯೂಟರ್ ಬಲ್ಲವರ ಕೆಲಸ. ಕತ್ತರಿಯನ್ನು ತಯಾರಿಸುವುದಕ್ಕೆ ರಸಾಯನಶಾಸ್ತ್ರ ಬೇಕು. ಅದನ್ನು ಜೀವಕೋಶದೊಳಗೆ ನುಗ್ಗಿಸಲು ಸಣ್ಣ ಕರೆಂಟು ಹೊಡೆಸುವ ಯಂತ್ರ ಬೇಕು, ಅದಕ್ಕೆ ಎಂಜಿನಿಯರ್ ಬೇಕು. ರೋಗಿಯ ಮೂಳೆಮಜ್ಜೆಯ ಕಣ ತೆಗೆದು ವಾಪಸ್ ಹಾಕುವವರು ಮಾತ್ರ ಡಾಕ್ಟರು. ಮನೆ ಕಟ್ಟೋಕೆ ಗಾರೆಯವನು, ಬಡಗಿ, ಕರೆಂಟಿನವನು ಎಲ್ಲಾ ಬೇಕಲ್ಲ, ಹಾಗೆ. ತಮಾಷೆ ಏನೆಂದರೆ ಇಲ್ಲಿ ಬಡಗಿಗೆ ಗಾರೆ ಕೆಲಸದ ಭಾಷೆಯೂ ಅಷ್ಟಿಷ್ಟು ಬರಬೇಕು.

ಸಿಕಲ್ ಸೆಲ್‌ನ ಗುಟ್ಟು ಮೊದಲು ಒಡೆದದ್ದೂ ಹೀಗೆಯೇ. ಹಾರ್ವೆ ಇಟಾನೋ ಎಂಬ ಯುವಕ ಡಾಕ್ಟರಿಕೆ ಓದಿ ಮುಗಿಸಿ, ಕ್ಯಾಲಿಫೋರ್ನಿಯಾದಲ್ಲಿ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಅವರ ಬಳಿ ಮತ್ತೆ ವಿದ್ಯಾರ್ಥಿಯಾಗಿ ಕೂತ. ದೋಷ ಇರುವುದು ಹಿಮೊಗ್ಲೋಬಿನ್‌ನಲ್ಲೇ ಅಂತ ಅವರ ತಂಡ 1949ರಲ್ಲಿ ತೋರಿಸಿತು.

ಕ್ರಿಸ್ಪರ್ ಕತೆ ಇನ್ನೂ ಸ್ವಾರಸ್ಯ. 2020ರ ನೊಬೆಲ್ ಬಂದದ್ದು ಎಮ್ಯಾನುಯೆಲ್ ಶಾರ್ಪಾಂಟಿಯೇ, ಜೆನಿಫರ್ ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ. ಒಬ್ಬರು ರೋಗಾಣು ಬಲ್ಲವರು, ಇನ್ನೊಬ್ಬರು ಆರ್‌ಎನ್‌ಎ ರಚನೆ ಬಲ್ಲವರು. 2011ರಲ್ಲಿ ಒಂದು ಸಮ್ಮೇಳನದಲ್ಲಿ ಪರಿಚಯವಾಗಿ ಜೊತೆಗೂಡಿದರು. ಪ್ರಯೋಗಶಾಲೆಯಲ್ಲಿ ಬೆವರು ಸುರಿಸಿದ ಇಬ್ಬರು ಕಿರಿಯರಲ್ಲಿ ಒಬ್ಬ ಪೋಲೆಂಡಿನವನು. ಇನ್ನೊಬ್ಬ ಝೆಕ್ ದೇಶದವನಾದರೂ ಪೋಲೆಂಡ್ ಗಡಿ ಊರಲ್ಲಿ ಬೆಳೆದವನು. ನಮ್ಮ ತಾಳವಾಡಿ ಕಡೆಯವರು ಕನ್ನಡ, ತಮಿಳು ಎರಡೂ ಆಡುವ ಹಾಗೆ ಅವನಿಗೂ ಪೋಲಿಷ್ ಬರುತ್ತಿತ್ತು. ಇಬ್ಬರ ಮಾತುಕತೆ ಪೋಲಿಷ್‌ನಲ್ಲೇ ಸಾಗಿತು. ಗಡಿ ಊರಿನ ಭಾಷೆ ನೊಬೆಲ್ ಕೆಲಸಕ್ಕೂ ಆಗಿಬಂತು ನೋಡಿ.

ಇಂಥ ಕೆಲಸ ಕಲಿಯೋಕೆ ವಿಯೆನ್ನಾಗೇ ಹೋಗಬೇಕಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಹೆಬ್ಬಾಳ ದಾಟಿ, ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್, ಸಿ-ಕ್ಯಾಂಪ್ ಎಂಬ ಮೂರು ಸಂಸ್ಥೆಗಳು ಒಟ್ಟಿಗೇ ಇವೆ. ಇಲಿಗಳ ಜೀನು ತಿದ್ದುವ ವಿಶೇಷ ಘಟಕವೂ ಅಲ್ಲೇ ಇದೆ. ಎನ್‌ಸಿಬಿಎಸ್‌ನಲ್ಲಿ ಪಿಎಚ್‌ಡಿಗೆ ಸೇರಲು ಜೀವಶಾಸ್ತ್ರವನ್ನೇ ಓದಿರಬೇಕೆಂದಿಲ್ಲ. ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ಪಿಎಚ್‌ಡಿ ಮುಗಿಸಿ ಸ್ವಂತ ಪ್ರಯೋಗಶಾಲೆ ಕಟ್ಟಲು ಹೊರಟವರಿಗೆ ಹಿರಿಯರ ಜೊತೆ ಕೂತು ಮಾತಾಡಲು ಇಂಡಿಯಾ ಬಯೋಸೈನ್ಸ್ ಸಂಸ್ಥೆ 2009ರಿಂದ ಯುವ ಸಂಶೋಧಕರ ಸಮಾವೇಶ ನಡೆಸುತ್ತಿದೆ. ಕಿರಿಯ ವಿಜ್ಞಾನಿಗಳ ಫೆಲೋಶಿಪ್‌ಗಳ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಪಾಲೂ ಸೇರಿ ಮೊತ್ತ 1,500 ಕೋಟಿ ರೂಪಾಯಿ. ದುಡ್ಡಿಲ್ಲ ಅನ್ನೋ ಮಾತು ಪೂರ್ತಿ ನಿಜವಲ್ಲ.

ಆದರೆ ಇದೆಲ್ಲ ದೊಡ್ಡ ಮೆಟ್ಟಿಲು. ಜಿಲ್ಲೆಯ ಬಿಎಸ್ಸಿ ಹುಡುಗಿಗೆ ಮೊದಲ ಮೆಟ್ಟಿಲು ಬೇಕಲ್ಲ? ಅದೂ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ತರಬೇತಿ ಕೊಡಿಸುತ್ತವೆ. ಮೂರರಲ್ಲೊಂದು ಬೆಂಗಳೂರಿನದೇ, ಸರ್ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು. ತಿಂಗಳ ಭತ್ಯೆ ಉಂಟು, ಹೋಗಿಬರುವ ರೈಲು ಚಾರ್ಜೂ ಉಂಟು. ವಿದ್ಯಾರ್ಥಿಗಳು ಮಾತ್ರವಲ್ಲ, ಕಾಲೇಜು ಮೇಷ್ಟ್ರುಗಳೂ ಅರ್ಜಿ ಹಾಕಬಹುದು. ವಿಷಯ ತಿಳಿಯದೆ ವರ್ಷ ಕಳೆಯುವುದೇ ಬೇಜಾರಿನ ಸಂಗತಿ. ಪ್ರಕಟಣೆ ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಓದಿ ತರಗತಿಯಲ್ಲಿ ಹೇಳುವ ಒಬ್ಬ ಮೇಷ್ಟ್ರಿದ್ದರೆ ನಾಲ್ಕು ಮಕ್ಕಳು ಅರ್ಜಿ ಹಾಕಿಯಾರು. ಇಲ್ಲದಿದ್ದರೆ ಬೋರ್ಡಿನ ಮೇಲೆ ಹಳೇ ಟೈಂಟೇಬಲ್ಲೇ ಗತಿ.

ಬರೀ ಕೈಚಳಕ ಕಲಿತರೂ ಸಾಲದು. ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ದಾಟಿದ ಚೀನಾದ ಹೆ ಜಿಯಾನ್‌ಕುಯಿ ಭ್ರೂಣಗಳ ಜೀನನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದ್ದು 2018ರಲ್ಲಿ ಬಯಲಾಯಿತು. 2019ರ ಡಿಸೆಂಬರ್‌ನಲ್ಲಿ ಆತನಿಗೆ ಮೂರು ವರ್ಷ ಜೈಲು. ಮುಂದಿನ ತಲೆಮಾರಿಗೆ ಹರಿಯುವಂಥ ತಿದ್ದುಪಡಿಗೆ ಭಾರತದಲ್ಲೂ ನಿಷೇಧವಿದೆ. ಪೋಡಿನ ತಾಯಿಗೆ ಅವಳ ಭಾಷೆಯಲ್ಲೇ ಚಿಕಿತ್ಸೆಯ ಅಪಾಯ ವಿವರಿಸಿ, ಅವಳು ಬೇಡ ಅಂದರೆ ಸುಮ್ಮನಾಗುವುದೂ ಈ ಕಸುಬಿನ ಪಾಠವೇ. ಬೆಟ್ಟದ ದಾರಿ, ಜನರ ಮಾತು ಗೊತ್ತಿರುವ ಈ ಜಿಲ್ಲೆಯ ಮಕ್ಕಳಿಗೆ ಆ ಪಾಠದಲ್ಲಿ ಬೆಂಗಳೂರಿನವರಿಗಿಂತ ಒಂದು ಕೈ ಮೇಲೇ ಇದ್ದೀತು.

ಬೇಸಿಗೆ ತರಬೇತಿಯ ಅರ್ಜಿಗೆ ವಿದ್ಯಾರ್ಥಿಗಳು ಮೇಷ್ಟ್ರೊಬ್ಬರ ಶಿಫಾರಸು ಪತ್ರವನ್ನೂ ಲಗತ್ತಿಸಬೇಕು. ಅರ್ಜಿ ಕರೆಯುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ. ದಸರಾ ರಜೆ ಮುಗಿಯುತ್ತಿದ್ದಂತೆ ವಿಚಾರಿಸಿದರೆ ಕ್ಷೇಮ.