ಹಗುರ ಗೋಡೆ, ಬಿಗಿದ ತಂತಿ

ಬಹುಮಹಡಿ ಕಟ್ಟಡದ ಹೊರಗೋಡೆ ಅನೇಕ ಸಲ ಯಾವ ಭಾರವನ್ನೂ ಹೊರುವುದಿಲ್ಲ. ಮಹಡಿಗಳ ಭಾರ ಕಂಬ, ತೊಲೆಗಳ ಪಾಲಿನದು. ಗಾಳಿ, ಮಳೆ, ಬಿಸಿಲುಗಳನ್ನು ತಡೆದರೆ ಗೋಡೆಯ ಕೆಲಸ ಮುಗಿಯಿತು. ಆದರೂ ಅದರ ತೂಕ ಕಂಬಗಳ ಮೂಲಕ ಅಡಿಪಾಯಕ್ಕೆ ಇಳಿಯುತ್ತದೆ, ಭೂಕಂಪವಾದಾಗ ಕಟ್ಟಡವನ್ನು ಅಡ್ಡಡ್ಡ ನೂಕುವ ಬಲವನ್ನೂ ಹೆಚ್ಚಿಸುತ್ತದೆ. ಕಾರ್ಖಾನೆಯಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ ಕೂರಿಸುವ ಕಾಂಕ್ರೀಟ್ ಪ್ಯಾನಲ್‌ನ ತೂಕ ಇಳಿಸಲು ಎರಡು ದಾರಿಗಳಿವೆ: ಒಳಗಿನ ಜಲ್ಲಿಯನ್ನು ಹಗುರವಾಗಿಸುವುದು, ಪ್ಯಾನಲನ್ನೇ ತೆಳುವಾಗಿಸುವುದು. ತೆಳುವಾದದ್ದು ಬಿರುಕು ಬಿಡದಿರಲು ಪ್ರೀಸ್ಟ್ರೆಸ್ಸಿಂಗ್, ಅಂದರೆ ಬಿಗಿದ ತಂತಿಯಿಂದ ಕಾಂಕ್ರೀಟನ್ನು ಅದುಮಿ ಇಡುವುದು, ಬೇಕು. ತೊಡಕೆಂದರೆ, ಹಗುರ ಜಲ್ಲಿ, ಪ್ರೀಸ್ಟ್ರೆಸ್ಸಿಂಗ್ ಎರಡನ್ನೂ ಒಂದೇ ಪ್ಯಾನಲಿನಲ್ಲಿ ಕೂಡಿಸಹೊರಟರೆ ಒಂದು ಇನ್ನೊಂದರ ಕಾಲೆಳೆಯುತ್ತದೆ.

ಹಗುರ ಜಲ್ಲಿಯ ಕಥೆ ಇಟ್ಟಿಗೆ ಗೂಡಿನಿಂದ ಶುರುವಾಗುತ್ತದೆ. ಅಮೆರಿಕದ ಕನ್ಸಾಸ್ ಸಿಟಿಯ ಇಟ್ಟಿಗೆ ತಯಾರಕ ಸ್ಟೀಫನ್ ಹೇಡ್, ಅತಿಯಾಗಿ ಬೆಂದು ಉಬ್ಬಿ ಕೆಟ್ಟ ಇಟ್ಟಿಗೆಗಳು ಹಗುರವಾಗಿಯೂ ಗಟ್ಟಿಯಾಗಿಯೂ ಇರುವುದನ್ನು ಗಮನಿಸಿದ. ಶೇಲ್ ಎಂಬ ಪದರಗಲ್ಲನ್ನು ತಿರುಗುವ ಗೂಡಿನಲ್ಲಿ 1,000 ಡಿಗ್ರಿಗೂ ಮೇಲೆ ಕಾಯಿಸಿದರೆ ಅದು ಮೆತ್ತಗಾಗುತ್ತದೆ, ಒಳಗೆ ಹುಟ್ಟುವ ಅನಿಲ ಹೊರಬರಲಾಗದೆ ಸಣ್ಣ ಸಣ್ಣ ಗುಳ್ಳೆಗಳಾಗಿ ಉಳಿದುಬಿಡುತ್ತದೆ. ಈ ವಿಧಾನಕ್ಕೆ ಹೇಡ್ 1918ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ ಇಂಥ ಜಲ್ಲಿಯ ಕಾಂಕ್ರೀಟಿನಿಂದ ಕಟ್ಟಿದ ‘ಸೆಲ್ಮಾ’ ಎಂಬ ಹಡಗು ನೀರಿಗಿಳಿಯಿತು; ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಳಿ ಅರ್ಧ ಮುಳುಗಿದ ಅದರ ಒಡಲು ಈಗಲೂ ಕಾಣಸಿಗುತ್ತದೆ. ಶೇಲ್ ಸಿಗದ ಕಡೆ ಜೇಡಿಮಣ್ಣಿನ ಉಂಡೆಗಳನ್ನು ಹೀಗೇ ಉಬ್ಬಿಸುತ್ತಾರೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಲ್ಲಿ, ನಮ್ಮ ರಾಯಚೂರಿನ ಶಕ್ತಿನಗರದಂಥ ಕಡೆ, ರಾಶಿ ಬೀಳುವ ಹಾರುಬೂದಿಯನ್ನು ಉಂಡೆ ಕಟ್ಟಿ ಸುಟ್ಟರೂ ಹಗುರ ಜಲ್ಲಿಯಾಗುತ್ತದೆ. ಇದಕ್ಕೆಂದೇ ಭಾರತೀಯ ಮಾನಕವೊಂದು 2018ರಲ್ಲಿ ಬಂದಿದೆ.

ಮಾಮೂಲಿ ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2,400 ಕೆಜಿ ತೂಗಿದರೆ, ಹಗುರ ಜಲ್ಲಿ ಮತ್ತು ಸಾಮಾನ್ಯ ಮರಳು ಬೆರೆಸಿದ್ದು ಸುಮಾರು 1,800 ಕೆಜಿ. ಆರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಹತ್ತು ಸೆಂಟಿಮೀಟರ್ ದಪ್ಪದ ಪ್ಯಾನಲನ್ನು ತೆಗೆದುಕೊಳ್ಳಿ. ಒಂದು 2,160 ಕೆಜಿ, ಇನ್ನೊಂದು 1,620. ಒಂದೊಂದು ಪ್ಯಾನಲಿಗೂ ಅರ್ಧ ಟನ್ನಿಗೂ ಮೀರಿದ ಉಳಿತಾಯ. ಗುಳ್ಳೆಗಳಲ್ಲಿ ಗಾಳಿ ತುಂಬಿರುವುದರಿಂದ ಶಾಖವೂ ಅಷ್ಟು ಸಲೀಸಾಗಿ ದಾಟುವುದಿಲ್ಲ.

ಇನ್ನು ಪ್ರೀಸ್ಟ್ರೆಸ್ಸಿಂಗ್. ಕಾಂಕ್ರೀಟ್ ಅದುಮುವ ಬಲವನ್ನು ಎಷ್ಟು ತಡೆಯುತ್ತದೋ, ಎಳೆಯುವ ಬಲವನ್ನು ಅದರ ಹತ್ತರಲ್ಲೊಂದು ಪಾಲು ಮಾತ್ರ ತಡೆಯುತ್ತದೆ. ಮೇಲೆ ಹೇಳಿದ ತೆಳು, ಹಗುರ ಪ್ಯಾನಲನ್ನು ಎರಡು ತುದಿಗಳಲ್ಲಿ ಹಿಡಿದು ಅಚ್ಚಿನಿಂದ ಎತ್ತಿದರೆ, ಅದರ ಅಡಿಮುಖದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 50 ಕೆಜಿ ಎಳೆತ ಹುಟ್ಟುತ್ತದೆ. ಒಂದು ದಿನದ ಕಾಂಕ್ರೀಟ್ ತಾಳುವುದು ಅದರಲ್ಲಿ ಅರ್ಧವನ್ನು. ಅದಕ್ಕೇ ತುದಿಗಳಿಂದ ಒಂದಿಷ್ಟು ಒಳಗೆ ಕೊಕ್ಕೆ ಕೂರಿಸಿ ಎತ್ತುತ್ತಾರೆ. ಹೊರಗೋಡೆಯ ಪ್ಯಾನಲಿಗೆ ಅದರ ಇಡೀ ಬಾಳಿನಲ್ಲಿ ಎದುರಾಗುವ ದೊಡ್ಡ ಪರೀಕ್ಷೆ ಬಿರುಗಾಳಿ ಇರಲಾರದು. ಬಹಳ ಸಲ ಅದು ಈ ಎತ್ತುವ ಗಳಿಗೆ ಮತ್ತು ಲಾರಿಯ ಪ್ರಯಾಣ.

ಈ ಎಳೆತವನ್ನು ಎದುರಿಸಲು ಕಾಂಕ್ರೀಟನ್ನು ಮೊದಲೇ ಅದುಮಿ ಇಡುವುದೇ ಪ್ರೀಸ್ಟ್ರೆಸ್ಸಿಂಗ್. ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರ ಕೆಂಪಗೆ ಕಾದ ಕಬ್ಬಿಣದ ಪಟ್ಟಿ ತೊಡಿಸಿ ನೀರು ಸುರಿಯುತ್ತಿದ್ದನಲ್ಲ, ಕುಗ್ಗಿದ ಪಟ್ಟಿ ಮರದ ತುಂಡುಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತಿತ್ತು, ಅದೇ ತತ್ವ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕೆಲವರು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ಎಳೆದು ಬಿಗಿದು ನೋಡಿ ಸೋತಿದ್ದರು. ಸೋಲಿನ ಕಾರಣ ಕಂಡುಕೊಂಡವನು ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೆಸಿನೆ. 1912ರ ಹೊತ್ತಿಗೆ ಅಲಿಯೇ ನದಿಗೆ ಲ ವರ್ದ್ರ್ ಬಳಿ ಅವನು ಕಟ್ಟಿಸಿದ ಸೇತುವೆಯ ಕಮಾನುಗಳು ದಿನೇ ದಿನೇ ಕುಸಿಯತೊಡಗಿದವು. ಜ್ಯಾಕ್ ಕೊಟ್ಟು ಮೇಲೆತ್ತಿ ಉಳಿಸಬೇಕಾಯಿತು. ಅದುಮಿಟ್ಟ ಕಾಂಕ್ರೀಟ್ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತಲೇ ಇರುತ್ತದೆ ಎಂಬುದು, ಅಂದರೆ ಕ್ರೀಪ್, ಅವನಿಗೆ ಮನದಟ್ಟಾದದ್ದು ಹೀಗೆ.

ಲೆಕ್ಕ ಸರಳವಾಗಿದೆ. ಹತ್ತು ಮೀಟರಿನ ಸಾಮಾನ್ಯ ಉಕ್ಕಿನ ಸರಳನ್ನು ಕ್ಷೇಮವಾಗಿ ಎಳೆದರೆ ಅದು ಆರೇಳು ಮಿಲಿಮೀಟರ್ ಹಿಗ್ಗೀತು. ಕಾಂಕ್ರೀಟ್ ಕಾಲಾಂತರದಲ್ಲಿ ಕುಗ್ಗುವುದೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಬಿಗಿಯೆಲ್ಲ ಸೋರಿಹೋಗುತ್ತದೆ. ಹೆಚ್ಚು ಬಲದ ತಂತಿಯಾದರೆ ಅದೇ ಉದ್ದಕ್ಕೆ 65 ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಏಳೆಂಟು ಮಿಲಿಮೀಟರ್ ಕಳೆದುಕೊಂಡರೂ ಬೇಕಾದಷ್ಟು ಉಳಿಯುತ್ತದೆ. ಫ್ರೆಸಿನೆಯ ಪೇಟೆಂಟ್ 1928ರದು.

ಹಗುರ ಜಲ್ಲಿ ತಕರಾರು ತೆಗೆಯುವುದು ಇಲ್ಲಿಯೇ. ಗುಳ್ಳೆ ತುಂಬಿದ ಜಲ್ಲಿ ಗ್ರಾನೈಟಿಗಿಂತ ಮೆದು. ಅದೇ ಒತ್ತಡಕ್ಕೆ ಹಗುರ ಕಾಂಕ್ರೀಟ್ ಹೆಚ್ಚು ಕುಗ್ಗುತ್ತದೆ, ತಂತಿಯ ಬಿಗಿ ಅಷ್ಟೂ ಸಡಿಲವಾಗುತ್ತದೆ. ಮೊದಲು ಕೊಟ್ಟ ಬಲದಲ್ಲಿ ಕಾಲು ಭಾಗ ಹೋದೀತೆಂದು ವಿನ್ಯಾಸಕಾರರು ಮುಂಚೆಯೇ ಎಣಿಸಿಕೊಂಡಿರಬೇಕು. ತೂಕ ಇಳಿಸುವ ಭರದಲ್ಲಿ ನೊರೆ ಕಾಂಕ್ರೀಟಿನಂಥ ತೀರ ಹಗುರದ್ದನ್ನು ಆರಿಸಿಕೊಂಡರೆ ತಂತಿಯ ಹಿಡಿತ ತಾಳುವ ಕಸುವೇ ಅದಕ್ಕಿರುವುದಿಲ್ಲ.

ಕಾರ್ಖಾನೆಯಲ್ಲಿ ಪ್ಯಾನಲ್ ಎರಕ ಹೊಯ್ಯುವ ಬೆಡ್ ನೂರು ಮೀಟರ್ ಉದ್ದವಿರಬಹುದು. ಹದಿನಾರು ಪ್ಯಾನಲ್‌ಗಳ ಅಚ್ಚುಗಳು ಸಾಲಾಗಿ ಕೂರುತ್ತವೆ. ನಡುವಿನ ಒಂದು ತಂತಿಗೆ ಆರು ತಂತಿ ಸುತ್ತಿ ಹೊಸೆದ, 9.5 ಮಿಲಿಮೀಟರ್ ದಪ್ಪದ ಸ್ಟ್ರ್ಯಾಂಡ್‌ಗಳನ್ನು ಈ ತುದಿಯಿಂದ ಆ ತುದಿಗೆ ಹಾಯಿಸಿ, ಜ್ಯಾಕ್‌ನಿಂದ ಒಂದೊಂದನ್ನೂ ಸುಮಾರು ಏಳು ಟನ್ ಬಲದಲ್ಲಿ ಎಳೆಯುತ್ತಾರೆ. ನೂರು ಮೀಟರಿನ ಸ್ಟ್ರ್ಯಾಂಡ್ ಆಗ ಮುಕ್ಕಾಲು ಮೀಟರಿಗೆ ತುಸು ಕಡಿಮೆ ಹಿಗ್ಗುತ್ತದೆ. ಜ್ಯಾಕ್‌ನ ಮಾಪಕ ತೋರುವ ಬಲವೂ ಟೇಪಿನಲ್ಲಿ ಅಳೆದ ಹಿಗ್ಗೂ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ: ಎಲ್ಲೋ ತಂತಿ ಸಿಕ್ಕಿಕೊಂಡಿದೆ, ಇಲ್ಲವೇ ಹಿಡಿಕೆ ಜಾರಿದೆ. ಎಳೆಯುವ ಹೊತ್ತಿನಲ್ಲಿ ಬೆಡ್‌ನ ತುದಿಯಾಚೆ ಯಾರೂ ನಿಲ್ಲುವಂತಿಲ್ಲ. ಕಡಿದ ಸ್ಟ್ರ್ಯಾಂಡ್ ಈಟಿಯಂತೆ ನುಗ್ಗಬಹುದು.

ಒಂದು ಪ್ಯಾನಲಿಗೆ ಇಂಥ ಐದು ಸ್ಟ್ರ್ಯಾಂಡ್ ಸಾಕು. ಸೋರಿಕೆ ಕಳೆದು ಚದರ ಸೆಂಟಿಮೀಟರಿಗೆ ಸುಮಾರು 18 ಕೆಜಿ ಒತ್ತಡ ಉಳಿಯುತ್ತದೆ. ತೊಲೆಯಲ್ಲಾದರೆ ತಂತಿಗೆ ಅಡಿಯಲ್ಲಿ ಜಾಗ. ಪ್ಯಾನಲಿನಲ್ಲಿ ಅದು ದಪ್ಪದ ನಟ್ಟನಡುವೆ ಇರಬೇಕು. ಒಂದು ಸೆಂಟಿಮೀಟರ್ ಅತ್ತಿತ್ತ ಸರಿದರೂ ಒಂದು ಮುಖ ಹೆಚ್ಚು ಕುಗ್ಗಿ, ಆರು ಮೀಟರಿನ ಪ್ಯಾನಲ್ ಕಾಲಕ್ರಮೇಣ ಸುಮಾರು ಒಂದು ಸೆಂಟಿಮೀಟರ್ ಬಾಗಿಬಿಡುತ್ತದೆ. ಪಕ್ಕದ ಪ್ಯಾನಲ್ ನೆಟ್ಟಗಿದ್ದರೆ ಸಂಜೆಯ ಓರೆ ಬಿಸಿಲು ಆ ವ್ಯತ್ಯಾಸವನ್ನು ಬೀದಿಗೆಲ್ಲ ತೋರಿಸುತ್ತದೆ.

ಹಗುರ ಜಲ್ಲಿ ನೀರು ಕುಡಿಯುತ್ತದೆ. ಒಣಗಿದ್ದನ್ನೇ ಮಿಕ್ಸರಿಗೆ ಹಾಕಿದರೆ ಸಿಮೆಂಟಿಗೆ ಸೇರಬೇಕಾದ ನೀರನ್ನೆಲ್ಲ ಹೀರಿ ಕಲಸನ್ನು ಬಿಗಿ ಮಾಡುವುದರಿಂದ, ಹಿಂದಿನ ದಿನವೇ ನೆನೆಹಾಕಿರುತ್ತಾರೆ. ವೈಬ್ರೇಟರ್ ಹಿಡಿಯುವವನಿಗೂ ಹಳೆಯ ರೂಢಿ ಬಿಡಬೇಕಾಗುತ್ತದೆ. ಮಾಮೂಲಿ ಕಾಂಕ್ರೀಟಿನಲ್ಲಿ ಅತಿಯಾಗಿ ನಡುಗಿಸಿದರೆ ಜಲ್ಲಿ ತಳಕ್ಕೆ ಇಳಿಯುತ್ತದೆ, ಇಲ್ಲಿ ಮೇಲಕ್ಕೆ ತೇಲುತ್ತದೆ. ಚೆಂದಕ್ಕೆಂದು ಹೊರಮುಖಕ್ಕೆ ಬಣ್ಣದ ಕಲ್ಲಿನ ಮಾಮೂಲಿ ಕಾಂಕ್ರೀಟ್ ಹಾಕಿ ಹಿಂದೆ ಹಗುರದ್ದನ್ನು ತುಂಬುವುದೂ ಉಂಟು. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಇದೂ ಬಾಗುವಿಕೆಗೆ ದಾರಿ.

ರಾತ್ರಿಯಿಡೀ ಹಬೆಯಲ್ಲಿ ಕ್ಯೂರಿಂಗ್ ಮಾಡಿ, ಬೆಳಗ್ಗೆ ಮಾದರಿ ಘನಗಳನ್ನು ಒಡೆದು ಬಲ ನೋಡಿದ ನಂತರವೇ ಜ್ಯಾಕ್‌ಗಳನ್ನು ನಿಧಾನವಾಗಿ ಸಡಿಲಿಸುತ್ತಾರೆ. ಎಳೆದಾಗ ತುಸು ಸಣ್ಣಗಾಗಿದ್ದ ಸ್ಟ್ರ್ಯಾಂಡ್ ಬಿಟ್ಟಾಗ ತುದಿಯಲ್ಲಿ ಮತ್ತೆ ಉಬ್ಬಿ ಬೆಣೆಯಂತೆ ಕಚ್ಚಿಕೊಳ್ಳುತ್ತದೆ. ಪೂರ್ತಿ ಒತ್ತಡ ಕಾಂಕ್ರೀಟಿಗೆ ಇಳಿಯಲು ತುದಿಯಿಂದ ಅರ್ಧ ಮೀಟರ್ ಬೇಕು. ಆ ಅಂಚುಗಳಿಗೆ ಮಾಮೂಲಿ ಕಂಬಿಯ ಜಾಲರಿಯೇ ಕಾವಲು. ಆಮೇಲೆ ಪ್ಯಾನಲ್‌ಗಳ ನಡುವಿನ ಸ್ಟ್ರ್ಯಾಂಡ್ ಕತ್ತರಿಸುತ್ತಾರೆ.

ಕಟ್ಟಡದಲ್ಲಿ ಕೂರಿಸುವಾಗ ಸಾಮಾನ್ಯವಾಗಿ ಎರಡು ಜಾಗಗಳಲ್ಲಿ ಭಾರ ಇಳಿಸಿ, ಇನ್ನೆರಡು ಜಾಗಗಳಲ್ಲಿ ಪ್ಯಾನಲ್ ಹೊರಕ್ಕೆ ವಾಲದಂತೆ ಹಿಡಿದಿಡುತ್ತಾರೆ. ಬೋಲ್ಟಿನ ತೂತುಗಳು ಉದ್ದುದ್ದ ಇರುತ್ತವೆ. ನಲವತ್ತು ಡಿಗ್ರಿ ಏರುಪೇರಿಗೆ ಆರು ಮೀಟರ್ ಪ್ಯಾನಲ್ ಸುಮಾರು ಎರಡು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಕಟ್ಟಡವೂ ಗಾಳಿಗೆ ಓಲಾಡುತ್ತದೆ. ಎಲ್ಲ ಕಡೆ ಬಿಗಿದರೆ ಬೋಲ್ಟಿನ ಬುಡದಲ್ಲೇ ಸೀಳುತ್ತದೆ. ಪ್ಯಾನಲ್‌ಗಳ ನಡುವೆ ಒಂದೂವರೆ, ಎರಡು ಸೆಂಟಿಮೀಟರ್ ಸಂದು ಬಿಟ್ಟು ರಬ್ಬರಿನಂಥ ಸೀಲೆಂಟ್ ತುಂಬುತ್ತಾರೆ. ಕಾಂಕ್ರೀಟಿಗಿಂತ ಬೇಗ ಹಳತಾಗಿ ಬದಲಾಯಿಸಬೇಕಾಗಿ ಬರುವುದು ಈ ಸೀಲೆಂಟನ್ನೇ.